ರಾಕ್ಷಸನ ಸೇತುವೆಯೂ ಅತ್ತೆಯ ಕೌದಿಯೂ

ಇನ್ನು ಮುಂದೆ ಮನೆಯಲ್ಲಿ ಎಂಥ ದೊಡ್ಡ ತೊಂದರೆ ಬಂದರೂ ಸಣ್ಣ ಮಂತ್ರದಿಂದಲೇ ನಿವಾರಿಸುತ್ತೇನೆ ಎಂದು ಆ ವರ್ಷದ ಯುಗಾದಿಯ ದಿನ, ಬೇವು ಕುಡಿದ ಬಾಯಿಂದಲೇ ಘೋಷಿಸಿದೆ. ದೊಡ್ಡ ಮಂತ್ರ ಯಾರಾದರೂ ಹಾಕಿಯಾರು! ಬೆಂಕಿಯ ಉಂಡೆ ಎಸೆಯುವುದಕ್ಕೆ ಬುದ್ಧಿಯೇನೂ ಬೇಕಿಲ್ಲ. ಪಾತ್ರೆ ತೊಳೆಯುವ ಮಂತ್ರದಿಂದ ಕೋಟೆ ಗೆಲ್ಲುವವನೇ ಗಂಡಸು!

"ಹಂಗಾದ್ರ ಮದ್ಲ ಬಚ್ಚಲದ ನಳ ಗೆಲ್ರಿ," ಎಂದಳು ನನ್ನ ಹೆಂಡತಿ ಲಲಿತಾ. "ಮೂರು ತಿಂಗಳಿಂದ ಸೋರಾಕತ್ತೈತಿ. ಮಂತ್ರ ಬ್ಯಾಡ, ನಟ್ಟು ಬಿಗಿಯೋ ಒಂದು ಪಾನಾ ಸಾಕು."

ಗಾಬರಿಯಾಗಬೇಡಿ, ನಾನು ಮಾಟಗಾರನಲ್ಲ. ಕೊಪ್ಪಳ ಬಸ್ ನಿಲ್ದಾಣದ ಸಂಚಾರ ನಿಯಂತ್ರಕ. ಹೆಸರು ಗಾಳೇಶ. "ಕುಷ್ಟಗಿ, ಯಲಬುರ್ಗಾ, ಗಂಗಾವತಿ..." ಎಂದು ಮೈಕಿನಲ್ಲಿ ಕೂಗುವ ಧ್ವನಿ ನಿಮ್ಮ ಕಿವಿಗೆ ಎಂದಾದರೂ ಬಿದ್ದಿದ್ದರೆ ಅದು ನನ್ನದೇ. ವಾರದಲ್ಲಿ ಆರು ದಿನ ಹೀಗೆ ಕೂಗುತ್ತೇನೆ. ಗುರುವಾರ ನನ್ನ ರಜೆ. ಅಂದು ಹನ್ನೊಂದು ಗಂಟೆಯಿಂದ ನಾನು ಮಹಾಮಾಂತ್ರಿಕ ಗಾಳಾಸುರ!

ಈ ಅವತಾರಕ್ಕೆ ಕಾರಣ ಅಸ್ಲಮ. ಅವನು ಮೊದಲು ಸಾಣಾಪುರದ ಕೆರೆಯ ಹತ್ತಿರ ಒಂದು ಅತಿಥಿಗೃಹದಲ್ಲಿ ಕೆಲಸಕ್ಕಿದ್ದ. ಅಲ್ಲಿ ಯಾರೋ ಪ್ರವಾಸಿಗ ಒಂದು ದಪ್ಪ ಪುಸ್ತಕವನ್ನೂ ಒಂದು ಚೀಲ ವಿಚಿತ್ರ ದಾಳಗಳನ್ನೂ ಮರೆತು ಹೋದ. ದಾಳ ಅಂದರೆ ಪಗಡೆಯವಲ್ಲ, ಒಂದೊಂದಕ್ಕೆ ಇಪ್ಪತ್ತು ಮುಖ! ಅಸ್ಲಮ ನಿಘಂಟು ಇಟ್ಟುಕೊಂಡು ಒಂದು ಮಳೆಗಾಲ ಪೂರ್ತಿ ಆ ಪುಸ್ತಕ ಓದಿದ. ಆಮೇಲೆ ನಮ್ಮ ನಿಲ್ದಾಣದ ಎದುರು ಮೊಬೈಲ್ ರಿಪೇರಿ ಅಂಗಡಿ ಹಾಕಿದ, ನಮಗೆ ಆಟ ಕಲಿಸಿದ. ಆಟ ಸರಳ. ಅಸ್ಲಮ ಕಥೆ ಹೇಳುತ್ತಾನೆ. ನಾವು ಕಥೆಯೊಳಗಿನ ಪಾತ್ರಗಳು. "ಎದುರಿಗೆ ರಾಕ್ಷಸ ಬಂದಾನ, ಏನ್ ಮಾಡ್ತೀರಿ?" ಎಂದು ಅವನು ಕೇಳಿದರೆ ನಾವು ಮಾಡುವುದನ್ನು ಹೇಳಬೇಕು. ಅದು ಫಲಿಸಿತೋ ಇಲ್ಲವೋ ಎಂದು ದಾಳ ತೀರ್ಮಾನಿಸುತ್ತದೆ. ನಾನು ಮಾಂತ್ರಿಕ, ಬಸ್ ಚಾಲಕ ಶರಣಬಸಪ್ಪ ಗದೆ ಹಿಡಿದ ವೀರ. ಗೊಂಬೆಗಳು ಬೇಕಲ್ಲ? ನಮ್ಮ ಕಿನ್ನಾಳದ ಬಣ್ಣದ ಮರದ ಗೊಂಬೆಗಳನ್ನೇ ತಂದುಕೊಂಡೆವು. ಗಿಳಿ ನಾನು, ಆನೆ ಶರಣಬಸಪ್ಪ. ಬೋರಲು ಹಾಕಿದ ಚೊಂಬು ರಾಕ್ಷಸ.

ಮಾಂತ್ರಿಕನೆಂದ ಮೇಲೆ ವೇಷ ಬೇಡವೇ? ಜರಿ ಅಂಚಿನ, ನೇರಳೆ ಬಣ್ಣದ, ಮೊಣಕಾಲು ಮುಟ್ಟುವ ನಿಲುವಂಗಿ ಹೊಲಿಸಿದೆ. ಲಲಿತಾ ಅದನ್ನು ಆರ್ಕೆಸ್ಟ್ರಾ ಅಂಗಿ ಎನ್ನುತ್ತಾಳೆ.

ಅಸ್ಲಮನದು ಒಂದೇ ಒಂದು ಕಾನೂನು. ರಿಪೇರಿ ಮಾಡುವವನು ನೋಡಿ, ಗುಂಡಿ ಒತ್ತಿ ದೀಪ ಹತ್ತುವ ತನಕ ಯಾವುದನ್ನೂ ನಂಬುವುದಿಲ್ಲ. ಪುಸ್ತಕದಲ್ಲಿ ಹೇಳಿದಂತೆ ಮಂತ್ರ ಬಳಸಿದರೆ ಸುಮ್ಮನಿರುತ್ತಾನೆ. ಹೊಸದಾಗಿ ಬಳಸಲು ಹೊರಟರೆ ಕೈಕಟ್ಟಿ ಕೂತು "ಮಾಡಿ ತೋರಿಸ್ರಿ" ಎನ್ನುತ್ತಾನೆ!

ನನಗೋ, ಹೊಸದಾಗಿ ಬಳಸುವುದೇ ಹುಚ್ಚು. ಒಮ್ಮೆ ಕೋಟೆಯ ಬಾಗಿಲಲ್ಲಿ ಕಾವಲುಗಾರರಿದ್ದರು. ನನ್ನ ಬಳಿ ಇದ್ದದ್ದು ವಾಸನೆ ಹುಟ್ಟಿಸುವ ಸಣ್ಣ ಮಂತ್ರ. "ಮಿರ್ಚಿ ಭಜಿ ವಾಸನೆ ಬಿಡ್ತೀನಿ. ಕಾವಲುಗಾರರು ಜಾಗ ಬಿಟ್ಟು ಹೋಗ್ತಾರ," ಎಂದೆ. "ಮಾಡಿ ತೋರಿಸ್ರಿ," ಎಂದ ಅಸ್ಲಮ. ಕಿಟಕಿಯ ಪಕ್ಕ ಎಣ್ಣೆ ಕಾಯಿಸಿ ಭಜಿ ಬಿಟ್ಟೆ. ಹತ್ತು ನಿಮಿಷದಲ್ಲಿ ಓಣಿಯ ನಾಲ್ವರು ಏನೇನೋ ನೆಪ ಹೇಳಿಕೊಂಡು ನಮ್ಮ ಬಾಗಿಲಲ್ಲಿ ನಿಂತರು. ಕೋಟೆ ಬಿತ್ತು! ಇನ್ನೊಮ್ಮೆ ತಂಪು ಮಾಡುವ ಮಂತ್ರದಿಂದ ಬೀಗ ತೆಗೆಯಲು ಹೋಗಿ ಲಲಿತಾಳ ಉಪ್ಪಿನಕಾಯಿ ಭರಣಿ ಎರಡು ಹೋಳಾಯಿತು. ಅದನ್ನು ಇಲ್ಲಿ ವಿವರಿಸುವುದಿಲ್ಲ.

ಈಗ ಕೌದಿಯ ಸಂಗತಿ. ಮಗಳು ಅಂಜಲಿ ಬಾಣಂತನಕ್ಕೆ ಬಂದಿದ್ದಳು. ಮೊಮ್ಮಗಳನ್ನು ಭಾನುವಾರ ತೊಟ್ಟಿಲಿಗೆ ಹಾಕುವುದೆಂದು ಗೊತ್ತಾಗಿತ್ತು. ಅಳವಂಡಿಯಿಂದ ನನ್ನತ್ತೆ ಹುಲಿಗವ್ವ ಕಂಡಕ್ಟರನ ಕೈಯಲ್ಲಿ ಒಂದು ಗಂಟು ಕಳಿಸಿದ್ದರು. ಬಿಚ್ಚಿದರೆ ತೊಟ್ಟಿಲ ಕೌದಿ! ಹಳೆಯ ಬಟ್ಟೆಗಳ ಚೌಕಗಳನ್ನು ಕೂಡಿಸಿ, ಅಕ್ಕಿಕಾಳಿನಂಥ ಹೊಲಿಗೆ ಹಾಕಿದ್ದು. ನಡುವೆ ತೀರಿಹೋದ ಮಾವನವರ ರುಮಾಲಿನ ಬಿಳಿ ತುಂಡು. ಅದರ ಪಕ್ಕ ಲಲಿತಾಳ ಶಾಲೆಯ ನೀಲಿ ಲಂಗ, ಅತ್ತೆಯ ಮದುವೆಯ ಕೆಂಪು ಸೀರೆ, ಅಂಜಲಿಯ ಮೊದಲ ಫ್ರಾಕು. ಮೂಲೆಯೊಂದು ಸ್ವಲ್ಪ ಉಬ್ಬಿತ್ತು. ಕೌದಿ ಹಸಿದಿರಬಾರದೆಂದು ಅತ್ತೆ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ಖಡಕ್ ರೊಟ್ಟಿ, ಒಂದು ಚೂರು ಬೆಲ್ಲ ಇಟ್ಟು ಹೊಲಿಯುತ್ತಾರೆ. ಹಸಿದ ಕೌದಿ ಹೊದ್ದ ಕೂಸು ಅಳುತ್ತಲೇ ಇರುತ್ತದಂತೆ.

"ಇದ ಕಡೀದಂತ್ರಿ," ಎಂದು ಲಲಿತಾ ಕಣ್ಣೊರೆಸಿಕೊಂಡಳು. "ಅವ್ವಗ ಕಣ್ಣಾಗ ಪರೆ ಬಂದೈತಿ. ಇನ್ನ ಮ್ಯಾಗ ಸೂಜಿ ಹಿಡಿಯಂಗಿಲ್ಲ ಅಂದಾಳ."

ನಾನೂ ಚೌಕಗಳನ್ನು ಒಂದೊಂದಾಗಿ ನೋಡಿದೆ. ಮನೆಯವರೆಲ್ಲ ಇದ್ದರು. ನನ್ನದೊಂದು ಚಿಂದಿಯೂ ಇರಲಿಲ್ಲ. ಇಪ್ಪತ್ತೈದು ವರ್ಷದಿಂದ ಅಳಿಯ ನಾನು! ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎದೆಯೊಳಗೆ ಚುರ್ ಎಂದಿತು. ಲಲಿತಾ ಕೌದಿಯನ್ನು ಟ್ರಂಕಿನಲ್ಲಿಟ್ಟು "ಯಾರೂ ಮುಟ್ಟಬ್ಯಾಡ್ರಿ" ಎಂದು ನನ್ನೊಬ್ಬನನ್ನೇ ನೋಡಿ ಹೇಳಿದಳು.

ಆ ಗುರುವಾರ ತಾಯಿ ಮಗಳು ಕೂಸಿಗೆ ಲಸಿಕೆ ಹಾಕಿಸಲು ಆಸ್ಪತ್ರೆಗೆ ಹೊರಟರು. ಹೊಸ್ತಿಲಲ್ಲಿ ನಿಂತು ಲಲಿತಾ, "ನೆಲಾ ಈಗ ಒರಿಸೀನಿ. ಅದರ ಮ್ಯಾಲ ಚಾಕ್‌ಪೀಸಿನ ಗೀಟು ಕಂಡ್ರ ನೋಡ್ರಿ ಮತ್ತ! ಸಂಜಿಗೆ ಅವ್ವ ಬರ್ತಾಳ," ಎಂದಳು.

ನಾವು ನೆಲದ ಮೇಲೆ ಚಾಕ್‌ಪೀಸಿನಿಂದ ಚೌಕ ಎಳೆದು ಆಡುವವರು. ಒಂದು ಚೌಕವೆಂದರೆ ಕಥೆಯೊಳಗೆ ಐದು ಅಡಿ. ಚೌಕವಿಲ್ಲದೆ ರಾಕ್ಷಸ ಎಷ್ಟು ದೂರದಲ್ಲಿದ್ದಾನೆಂದು ತಿಳಿಯುವುದು ಹೇಗೆ? ಹೆಂಡತಿಯ ಮಾತು ಮೀರುವಂತಿಲ್ಲ. ಅವಳ ಮಾತನ್ನು ಪಾಲಿಸಲೆಂದೇ, ಓದುಗರೇ, ಅದೊಂದೇ ಉದ್ದೇಶದಿಂದ ನಾನು ಟ್ರಂಕ್ ತೆಗೆದೆ!

"ಭಾಳ ಛಲೋ ನಕ್ಷೆ ಐತಿ, ಭಾಯ್," ಎಂದ ಅಸ್ಲಮ. ನೆಲಕ್ಕೆ ಹಾಸಿದ ಕೌದಿಯ ಚೌಕಗಳಲ್ಲಿ ರುಮಾಲಿನ ಬಿಳಿ ತುಂಡೇ ಸೇತುವೆಯಾಯಿತು. ಸೇತುವೆಯ ಮೇಲೆ ಕಾಲು ಅಗಲಿಸಿ ಚೊಂಬು ರಾಕ್ಷಸ ನಿಂತ. ದೊಡ್ಡ ಮಂತ್ರಗಳನ್ನು ನಾನು ಯುಗಾದಿಯಂದೇ ಬಿಟ್ಟಿದ್ದೆ. ಉಳಿದದ್ದು ಮೂರು ಚಿಲ್ಲರೆ ಮಂತ್ರ: ನೆಲಕ್ಕೆ ಜಿಡ್ಡು ಬಳಿಯುವುದು, ಸಾಮಾನು ಹೊರಲು ತೇಲುವ ತಟ್ಟೆ, ಮತ್ತೆ ಕಾಣದ ಆಳು.

"ಮುಗೀತು ನಮ್ಮ ಕಥಿ," ಎಂದ ಶರಣಬಸಪ್ಪ. ರಾತ್ರಿಪಾಳಿ ಮುಗಿಸಿ ಊಟ ಕೂಡ ಮಾಡದೆ ಬಂದಿದ್ದ.

"ತಡೀರಿ!" ಎಂದು ನಾನು ನಿಲುವಂಗಿ ಕೊಡವಿ ಎದ್ದು ನಿಂತೆ. "ಸೇತುವಿ ಮ್ಯಾಲ ಜಿಡ್ಡು ಬಳೀತೀನಿ. ಜಿಡ್ಡಿನ ಮ್ಯಾಲ ತಟ್ಟಿ. ತಟ್ಟಿ ಮ್ಯಾಲ ಶರಣಬಸಪ್ಪ. ಹಿಂದಿಂದ ಒಮ್ಮೆ ನೂಕಿದ್ರ ರಾಕ್ಷಸನ ಕಾಲ ನಡುವ ಜುಯ್ಯಂತ ಪಾರು!"

ಅಸ್ಲಮ ಪುಸ್ತಕ ಮುಚ್ಚಿ ಕೈಕಟ್ಟಿದ. "ಮಾಡಿ ತೋರಿಸ್ರಿ."

ಊಟದ ಮೇಜು ರಾಕ್ಷಸ, ಅದರ ಕಾಲು ರಾಕ್ಷಸನ ಕಾಲು. ಅರ್ಧ ಡಬ್ಬಿ ಕುಸುಬಿ ಎಣ್ಣೆಯನ್ನು ನೆಲಕ್ಕೆ ಸುರಿದೆ. ಮದುವೆಯಲ್ಲಿ ಬಂದ ಹಿತ್ತಾಳೆಯ ದೊಡ್ಡ ಪರಾತವನ್ನೇ ತಟ್ಟೆಯೆಂದು ಇಟ್ಟೆ. ತೊಂಬತ್ತೆರಡು ಕಿಲೋ ತೂಗುವ ವೀರ ಅದರಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. "ರೈಟ್!" ಎಂದು ಕೂಗಿ ಅಸ್ಲಮ ಮತ್ತು ನಾನು ಸೇರಿ ನೂಕಿದೆವು.

ಹೋಯಿತು! ಮೇಜಿನ ಕಾಲುಗಳ ನಡುವೆ ತಲೆ ತಗ್ಗಿಸಿ ಶರಣಬಸಪ್ಪ ಪಾರಾದ! ಆದರೆ ನಮ್ಮ ಮನೆಯ ನೆಲ ಬಚ್ಚಲದ ಕಡೆಗೆ ಇಳಿಜಾರು. ಪರಾತ ನೇರ ಬಾಗಿಲಿಗೆ ಹೋಗುವ ಬದಲು ಎಡಕ್ಕೆ ಹೊರಳಿತು.

"ಬ್ರೇಕ್ ಎಲ್ಲಿ ಐತಿಪಾ ಇದಕ್ಕ!" ಎಂದು ಅವನು ಕೂಗುವಷ್ಟರಲ್ಲಿ ಪರಾತ, ಎಣ್ಣೆ, ವೀರ ಮೂವರೂ ಕೌದಿಯ ಮೇಲೆ! ಪರಾತದ ಅಂಚಿಗೆ ಸಿಕ್ಕ ಮೂಲೆ ಪರ್ರ್ ಎಂದು ಹರಿಯಿತು. ಅದರಿಂದ ರೊಟ್ಟಿಯ ಚೂರು, ಬೆಲ್ಲ ಹೊರಬಿದ್ದವು.

"ಮಂತ್ರ ಫಲಿಸ್ತು! ಸೇತುವಿ ದಾಟಿದ್ರಿ!" ಎಂದ ಅಸ್ಲಮ.

"ನಿಧಿನೂ ಸಿಕ್ತು!" ಎಂದ ಶರಣಬಸಪ್ಪ. ನಿಧಿಯನ್ನು ಬಾಯಿಗೆ ಹಾಕಿ ಕಟುಂ ಎನಿಸಿದ.

ಮೂವರೂ ನಕ್ಕೆವು. ನನ್ನ ನಗು ಅರ್ಧಕ್ಕೇ ನಿಂತಿತು. ಕೆಳಗೆ ನೋಡಿದೆ. ಕಣ್ಣು ಕಾಣದ ಮುದುಕಿ ವರ್ಷವಿಡೀ ಕೂತು ಹೊಲಿದ ಕೊನೆಯ ಕೌದಿ. ಮೊಮ್ಮಗಳ ತೊಟ್ಟಿಲಿಗೆ ಮೂರು ದಿನ.

ಆದರೂ ಗಾಳಾಸುರ ಸೋಲುವವನೇ! ಸಣ್ಣ ಮಂತ್ರಗಳಿಲ್ಲವೇ? ಎಣ್ಣೆ ಹೀರಲು ಜೋಳದ ಹಿಟ್ಟು ಉದುರಿಸಿದೆ, ಧಾರಾಳವಾಗಿ ಎರಡು ಸೇರು. ಹಿಟ್ಟು ಎಣ್ಣೆ ಹೀರಿತು, ಆದರೆ ಹೊಲಿಗೆಯ ಸಂದುಗಳನ್ನು ಬಿಟ್ಟು ಬರಲು ಒಲ್ಲೆನೆಂದಿತು. ತೊಳೆದರೆ ಹೋಗುತ್ತದೆಂದು ಅಸ್ಲಮ ಸೂಚಿಸಿದ. ಬಿಸಿನೀರು ಹಾಕಿದೆ. ಹಿಟ್ಟು ಅಂಬಲಿಯಾಯಿತು! ಸೋಪು ಹಾಕಿ ತಿಕ್ಕಿದೆ. ಅತ್ತೆಯ ಮದುವೆಯ ಸೀರೆ ಐವತ್ತು ವರ್ಷ ಹಿಡಿದಿಟ್ಟುಕೊಂಡಿದ್ದ ಕೆಂಪನ್ನು ಅಂದೇ ಬಿಟ್ಟುಕೊಟ್ಟಿತು. ಮಾವನವರ ಬಿಳಿ ರುಮಾಲು ಗುಲಾಬಿಯಾಯಿತು. ಬದುಕಿದ್ದಾಗ ಎಂದೂ ಬಣ್ಣದ ಬಟ್ಟೆ ತೊಡದ ಮನುಷ್ಯ!

"ಬಿಸಲಿಗೆ ಹಾಕೋಣ, ಬಣ್ಣ ಹಾರತೈತಿ," ಎಂದ ಶರಣಬಸಪ್ಪ. ಮಾಳಿಗೆಯ ಮೇಲೆ ಹರವಿ ಬಂದು, ಎಣ್ಣೆಯ ನೆಲವನ್ನು ನಿಲುವಂಗಿಯ ತೋಳಿನಿಂದ ಒರೆಸುತ್ತ ಕೂತೆವು. ಅರ್ಧ ಗಂಟೆಯ ನಂತರ ಹೋಗಿ ನೋಡಿದರೆ ಪಕ್ಕದ ಮನೆಯ ರಾಜಾಬೀಯವರ ಆಡು ಗೋಡೆ ಹಾರಿ ಬಂದಿದೆ. ಜೋಳದ ಅಂಬಲಿ ಹಚ್ಚಿದ ಕೌದಿಯನ್ನು ಅದು ತನಗೇ ಬಡಿಸಿದ್ದೆಂದು ತಿಳಿದು, ಹರಿದ ಮೂಲೆಯ ಪಕ್ಕದ ಹಸಿರು ಚೌಕವನ್ನು ಪೂರ್ತಿ ಮೆದ್ದು, ಮುಂದಿನದಕ್ಕೆ ಬಾಯಿ ಹಾಕುತ್ತಿತ್ತು. ರುಮಾಲಿಗೆ ಇನ್ನು ಎರಡೇ ಚೌಕ ಬಾಕಿ! ನಾನು ಕಿರುಚಿಕೊಂಡೇ ಹೋಗಿ ಕೌದಿ ಕಸಿದೆ. ಆಡು ನನ್ನ ಜರಿಯ ಅಂಚನ್ನೂ ರುಚಿ ನೋಡಿತು.

ಇನ್ನು ಬೇಕಿದ್ದದ್ದು ಸಮಯ. ಸಮಯ ನನ್ನ ಕೈಯಲ್ಲೇ ಇತ್ತಲ್ಲ! ಕರ್ತವ್ಯದಲ್ಲಿದ್ದ ಸಹೋದ್ಯೋಗಿ ಬಡೇಸಾಬರಿಗೆ ಫೋನ್ ಮಾಡಿದೆ. "ಅಳವಂಡಿ ಗಾಡಿ ಇವತ್ತ ತಡಾ ಮಾಡಿ ಬಿಡ್ರಿ. ಅದು ಅಲ್ಲಿಂದ ವಾಪಸ್ ಬರೂಮುಂದ ನಮ್ಮತ್ತಿ ಅದರಾಗ ಬರಾಕಿ."

"ಅರೇ, ಅದು ಹೋಗಿ ಹತ್ತು ನಿಮಿಷ ಆತ್ರಿ," ಎಂದರು ಬಡೇಸಾಬ. "ನೀವು ರಜಾ ಇದ್ದ ದಿನಾ ಎಲ್ಲಾ ಗಾಡಿ ಟೈಮಿಗೆ ಹೊಂಡ್ತಾವ."

ಆ ಗಾಡಿ ಅಳವಂಡಿ ಮುಟ್ಟಿ ತಿರುಗಿ ಬರುವಷ್ಟರಲ್ಲಿ ಲಲಿತಾ, ಅಂಜಲಿ, ಕೂಸು ಆಸ್ಪತ್ರೆಯಿಂದ ಬಂದರು. ಲಲಿತಾ ನೆಲ ನೋಡಿದಳು, ಚಾಕ್‌ಪೀಸಿನ ಗೀಟು ಇರಲಿಲ್ಲ. ಆಮೇಲೆ ಕೌದಿ ನೋಡಿದಳು. ಬೈದಿದ್ದರೆ ಬದುಕುತ್ತಿದ್ದೆ. ಅವಳು ಬೈಯಲಿಲ್ಲ. ತೂತಿನೊಳಗೆ ಕೈಹಾಕಿ ಸುಮ್ಮನೆ ಕೂತುಬಿಟ್ಟಳು.

"ಲಲಿತಾ, ನಾನು..."

"ನೀವೇನೂ ಮಾತಾಡಬ್ಯಾಡ್ರಿ. ಅವ್ವಗ ಕಣ್ಣು ಮಂಜು ಅದಾವ. ಮಡಚಿ ಟ್ರಂಕಿನಾಗ ಇಡ್ತೀನಿ. ಆಕಿಗೆ ಗೊತ್ತಾದ್ರ ಎದಿ ಒಡಕೋತಾಳ."

ಅಷ್ಟರಲ್ಲಿ ಹೊರಗೆ ಅತ್ತೆಯ ಧ್ವನಿ. "ಗಾಡಿ ಇವತ್ತ ಭಾಳ ಲಗೂ ಬಂತವಾ!"

ಕೈಕಾಲು ತೊಳೆದು, ಕೂಸನ್ನು ಮುದ್ದಿಸಿ, ಚಹಾ ಕುಡಿದು ಅತ್ತೆ ಹೇಳಿದ್ದು ಒಂದೇ ಮಾತು. "ಕೌದಿ ತಾರವಾ, ಒಮ್ಮೆ ಮುಟ್ಟಿ ನೋಡ್ತೀನಿ."

ಲಲಿತಾ ಮಡಿಕೆ ಬಿಚ್ಚದೆ ತೊಡೆಯ ಮೇಲಿಟ್ಟಳು. ಅತ್ತೆ ತಾವೇ ಬಿಚ್ಚಿದರು. ಕೈ ನಿಧಾನಕ್ಕೆ ಚೌಕದಿಂದ ಚೌಕಕ್ಕೆ ನಡೆಯಿತು. ನನ್ನ ಪ್ರಾಣ ಆ ಬೆರಳುಗಳ ಜೊತೆಯೇ ನಡೆಯುತ್ತಿತ್ತು. ಲಂಗ ದಾಟಿತು, ರುಮಾಲು ದಾಟಿತು, ಫ್ರಾಕು ದಾಟಿತು. ತೂತಿನ ಹತ್ತಿರ ನಿಂತಿತು.

"ಕಣ್ಣು ಹೋಗ್ಯಾವ," ಎಂದರು ಅತ್ತೆ. "ಕೈ ಹೋಗಿಲ್ಲ." ಬೆರಳು ಮೂಲೆಗೆ ಹೋಯಿತು. "ಇದರ ಹೊಟ್ಟಿ ಖಾಲಿ ಮಾಡಿದವ್ರು ಯಾರು?"

ಬಾಗಿಲ ಹಿಂದೆ ಅಡಗಿದ್ದ ಶರಣಬಸಪ್ಪ ಬಿಕ್ಕಿದ. "ನಾನ್ರಿ ಅಮ್ಮಾ. ಹಸಿವಾಗಿತ್ರಿ."

ನಾನು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ರಾಕ್ಷಸ, ಸೇತುವೆ, ಮೂರು ಚಿಲ್ಲರೆ ಮಂತ್ರ, ಪರಾತ, ಅಂಬಲಿ, ಆಡು, ಏನನ್ನೂ ಬಿಡಲಿಲ್ಲ. ನಿಮ್ಮ ವರ್ಷದ ದುಡಿಮೆ ಒಂದೇ ದಿನದಲ್ಲಿ ಹಾಳು ಮಾಡಿದೆ, ತಪ್ಪಾಯಿತು ಎಂದೆ. ಮೈಕಿನ ಧ್ವನಿ ಎಲ್ಲಿಗೆ ಹೋಯಿತೋ!

ಅತ್ತೆ ಹರಿದ ಮೂಲೆಯನ್ನು ಬೆರಳಿನಿಂದ ಅಳೆದರು. ಆಮೇಲೆ ಕೇಳಿದ್ದು ಮಾತ್ರ ವಿಚಿತ್ರ. "ಮೂರು ಮಂತ್ರ ಅಂದ್ರಿ. ಎರಡ ಹೇಳಿದ್ರಿ. ಮೂರನೇದು?"

"ಕಾಣದ ಆಳು, ಅತ್ತಿ. ಕರದ್ರ ಬರ್ತಾನ. ನೀರು ತರತಾನ, ಕಸ ಹೊಡೀತಾನ, ಚಹಾ ಮಾಡತಾನ. ಯಾರ ಕಣ್ಣಿಗೂ ಬೀಳಂಗಿಲ್ಲ, ಯಾರೂ ಶಾಬಾಸ್ ಅನ್ನಂಗಿಲ್ಲ."

"ಇಂಥಾ ಆಳು ನಮ್ಮ ಪ್ರತಿ ಮನ್ಯಾಗೂ ಒಬ್ಬಾಕಿ ಅದಾಳ," ಎಂದರು ಅತ್ತೆ. ಲಲಿತಾ ಆ ದಿನ ಮೊದಲ ಸಲ ನಕ್ಕಳು. "ಇರ್ಲಿ. ಆ ಮೈಮ್ಯಾಲಿನ ಅಂಗಿ ಬಿಚ್ಚಿ ಕೊಡ್ರಿ."

"ಅತ್ತಿ, ಇದು ಮಾಂತ್ರಿಕನ..."

"ಅಳಿಯಂದ್ರ, ಎರಡು ವರ್ಷದಿಂದ ನಿಮ್ಮ ಒಂದು ಹಳೀ ಅಂಗಿ ಕಳಸ್ರಿ ಅಂತ ಹೇಳಾಕತ್ತೀನಿ. ಕಂಡಕ್ಟರ್ ಕೈಲೆ ಮೂರ ಸಲ ಹೇಳಿ ಕಳಿಸೀನಿ. ನೀವು ಕಳಸಲಿಲ್ಲ. ನಿಮ್ಮ ಜಾಗಾಕ್ಕ ಆ ಹಸರ ತುಂಡು ಹಾಕಿದ್ದೆ. ಆಡಿಗೂ ಗೊತ್ತಾಗೇತಿ ನೋಡ್ರಿ, ಅದು ಯಾರ ಜಾಗಾ ಅಂತ!"

ಕಂಡಕ್ಟರುಗಳು ಹೇಳಿದ್ದು ನಿಜ. ನಾನೇ ಮೂರು ಸಲವೂ "ಆಯ್ತು, ಕಳಿಸೋಣ" ಎಂದು ಮೈಕಿನ ಕಡೆ ತಿರುಗಿದ್ದೆ. ನನಗಾಗಿ ಜಾಗ ಇಟ್ಟವರ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದೆನಲ್ಲ! ಸರಸರ ನಿಲುವಂಗಿ ಬಿಚ್ಚಿ ಅವರ ಕೈಗಿಟ್ಟೆ.

ಅಂದಿನ ಸಂಜೆ, ಶುಕ್ರವಾರ, ಶನಿವಾರ ಅತ್ತೆ ಬೆರಳಿನಿಂದಲೇ ನೋಡುತ್ತ ಹೊಲಿದರು. ಸೂಜಿಗೆ ದಾರ ಪೋಣಿಸುವವನು ರಜೆ ಹಾಕಿದ ನಾನು. ಒಂದು ಎಳೆ ಮುಗಿಯುವಷ್ಟರಲ್ಲಿ ಇನ್ನೊಂದು ಸೂಜಿ ಸಿದ್ಧವಿರಬೇಕು. ನನ್ನ ಕನ್ನಡಕ ಎರಡು ಸಲ ಮೂಗಿನಿಂದ ಜಾರಿ ಬಿತ್ತು. ನಡುನಡುವೆ ನೀರು, ಎಲೆ ಅಡಕೆ, ಚಹಾ, ಕೂಸಿನ ಬಟ್ಟೆ. ಬಚ್ಚಲದ ನಳವೂ ರಿಪೇರಿಯಾಯಿತು, ಒಂದು ಪಾನಾ ಸಾಕಾಯಿತು! ಮೂಲೆ ಮುಚ್ಚುವ ಮೊದಲು ಶರಣಬಸಪ್ಪ ತಾನೇ ಬಂದು, ಖಡಕ್ ರೊಟ್ಟಿಯ ಚೂರನ್ನೂ ಬೆಲ್ಲವನ್ನೂ ಎರಡೂ ಕೈಯಲ್ಲಿ ಒಪ್ಪಿಸಿದ.

ಭಾನುವಾರ ತೊಟ್ಟಿಲಲ್ಲಿ ಗುಲಾಬಿ ರುಮಾಲಿನಿಂದ ಎರಡು ಚೌಕ ಆಚೆ ಜರಿ ಅಂಚಿನ ನೇರಳೆ ಚೌಕ ಮಿಂಚುತ್ತಿತ್ತು. ಕೂಸು ಒಮ್ಮೆಯೂ ಅಳಲಿಲ್ಲ. ಬಂದವರೆಲ್ಲ ಹೊಲಿಗೆಯನ್ನು ಹೊಗಳಿದರು. ನನಗೆ ಕಣ್ಣು ತುಂಬಿ ಬಂತು, ಸಂತೋಷ ತಡೆಯಲಾಗಲಿಲ್ಲ. ದಾರ ಪೋಣಿಸಿದವರು ಯಾರೆಂದು ಯಾರೂ ಕೇಳಲಿಲ್ಲ.

ಮುಂದಿನ ಗುರುವಾರ ಆಟಕ್ಕೆ ಕೂತೆವು, ನೆಲದ ಮೇಲೆ, ಚಾಕ್‌ಪೀಸಿನ ಗೀಟಿನಲ್ಲಿ. ಲಲಿತಾಳೇ ಎಳೆದುಕೊಟ್ಟಿದ್ದಳು, ತಾನೂ ಆಡುತ್ತೇನೆಂದು. ಅಳವಂಡಿಗೆ ಹೊರಟಿದ್ದ ಅತ್ತೆ ಚೀಲ ಕೆಳಗಿಟ್ಟು, "ನಾನೂ ಒಂದು ಕೈ ನೋಡ್ತೀನಿ," ಎಂದು ಗೋಡೆಗೆ ಒರಗಿದರು.

"ನೀವು ಯಾವ ಮಂತ್ರ ತಗೋತೀರಿ, ಅಮ್ಮಾ?" ಎಂದ ಅಸ್ಲಮ.

"ಒಂದ ಸಾಕು. ಕಾಣದ ಆಳು."

"ಹೆಂಗ ಬಳಸ್ತೀರಿ?"

"ಮಂತ್ರ ಬಾಯಿಲೆ ಹೇಳದ, ಸುಮ್ಮಕ ಒಮ್ಮೆ ಕೆಮ್ಮಿದ್ರ ಸಾಕು, ಆಳು ಬರಬೇಕು."

ಇದು ಪುಸ್ತಕದಲ್ಲಿ ಇರಲಿಲ್ಲ. ಅಸ್ಲಮ ಪುಸ್ತಕ ಮುಚ್ಚಿ ಕೈಕಟ್ಟಿದ. "ಮಾಡಿ ತೋರಿಸ್ರಿ."

ಅತ್ತೆ ಒಮ್ಮೆ ಕೆಮ್ಮಿದರು. ಗಂಟಲು ಒಣಗಿರಬೇಕೆಂದು ನಾನು ಒಳಗೆ ಹೋಗಿ ಚಹಾ ಮಾಡಿ ತಂದೆ.

"ದಾಳ ಬ್ಯಾಡ ಬಿಡ್ರಿ, ಫಲಿಸ್ತು," ಎಂದು ಅಸ್ಲಮ ಬರೆದುಕೊಂಡ. ನನಗೆ ಏನೂ ಅರ್ಥವಾಗಲಿಲ್ಲ. ಏನು ಫಲಿಸಿತು, ಆಳು ಎಲ್ಲಿ ಬಂದ ಎಂದು ಕೇಳಬೇಕೆಂದುಕೊಂಡೆ. ಆದರೆ ಕೈಯಲ್ಲಿ ಐದು ಕಪ್ಪು ಚಹಾದ ತಟ್ಟೆ ಇತ್ತು. ಎಲ್ಲರೂ ಒಂದೊಂದು ಕಪ್ಪು ತೆಗೆದುಕೊಂಡು ರಾಕ್ಷಸನ ಕಡೆ ತಿರುಗಿದರು, ಒಬ್ಬರೂ ನನ್ನನ್ನು ನೋಡಲಿಲ್ಲ.